ಭೀಮಾತೀರದ ತಾಲೀಮು

ಹಳೆಯ ಮೈಸೂರಿನ ಕಡೆಯವರು ಗರಡಿಮನೆ ಎನ್ನುವುದನ್ನು ಕಲಬುರಗಿ ಸೀಮೆಯವರು ತಾಲೀಮು ಎನ್ನುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿಯ ಹಳಬರನ್ನು ಬೇಕಾದರೆ ಕೇಳಿ ನೋಡಿರಿ. ಇದು ಅರಬ್ಬಿಯಿಂದ ಬಂದ ಮಾತು. ಆ ಭಾಷೆಯಲ್ಲಿ ಇದಕ್ಕೆ ಶಿಕ್ಷಣವೆಂದು ಅರ್ಥ. ಅಲ್ಲಿ ಕಲಿಸುವವನು ಉಸ್ತಾದ. ಪಾರಸಿಯಿಂದ ಬಂದ ಈ ಮಾತಿಗೂ ಗುರುವೆಂದೇ ಅರ್ಥ. ಕುಸ್ತಿ ಆಡುವ ಮನೆಗೆ ನಮ್ಮ ಜನ ವಿದ್ಯೆಯ ಹೆಸರನ್ನೇ ಇಟ್ಟರಲ್ಲ, ಆ ಮನೆ ಈ ಹೆಸರಿಗೆ ತಕ್ಕುದಾಗಿತ್ತೆ?

ಅಂಗಸಾಧನೆ ಮಾಡಿದವನು ಸಜ್ಜನನಾಗುತ್ತಾನೆಂದು ವೇದಿಕೆಯ ಮೇಲೆ ಹೇಳುವುದು ಸುಲಭ. ಚರಿತ್ರೆ ಅದನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಆಳಂದಕ್ಕೆ ಈಶಾನ್ಯದಲ್ಲಿರುವ ಬಸವಕಲ್ಯಾಣ ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿಯಾಗಿತ್ತು. ಅಲ್ಲಿ 12ನೆಯ ಶತಮಾನದ ಮೊದಲ ಭಾಗದಲ್ಲಿ ಆಳಿದ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ಮಲ್ಲವಿನೋದವೆಂಬ ಒಂದು ಭಾಗವುಂಟು. ಮಲ್ಲರನ್ನು ವಯಸ್ಸು, ಗಾತ್ರ, ಶಕ್ತಿಗಳನ್ನು ನೋಡಿ ಬೇರೆ ಬೇರೆ ತರಗತಿಗಳಾಗಿ ವಿಂಗಡಿಸಬೇಕೆಂದು ಅರಸನು ಹೇಳುತ್ತಾನೆ. ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಒಳ್ಳೆಯ ಸಿಹಿತಿಂಡಿ ಇವನ್ನೆಲ್ಲ ಒದಗಿಸುವುದು ಅರಸನ ಹೊಣೆ. ಭಾರ ಎತ್ತುವುದು, ನಡೆಯುವುದು, ಈಜುವುದು, ತೋಳಿಗೆ ತೋಳು ಕೊಟ್ಟು ಸೆಣಸುವುದು, ಕಂಬದ ಮೇಲೆ ಸಾಧನೆ ಮಾಡುವುದು ಇವು ಅವರ ವ್ಯಾಯಾಮಗಳು. ಕೊನೆಯದನ್ನು ಓದುವಾಗ ನಮ್ಮ ಮಲ್ಲಗಂಬ ನೆನಪಾಗದೆ ಇರದು. ಇಂದಿನ ಕ್ರೀಡಾ ತರಬೇತುದಾರರು ನೋಡಿದರೂ ಮೆಚ್ಚಬಹುದಾದ ಏರ್ಪಾಡು. ಆದರೆ ಭಾಗದ ಹೆಸರನ್ನು ಮರೆಯಬಾರದು: ಅದು ವಿನೋದ. ಆ ಮಲ್ಲನು ಚೆನ್ನಾಗಿ ಉಂಡು, ಚೆನ್ನಾಗಿ ಬೆಳೆದು, ಅರಸನ ಕಣ್ಣಿಗೆ ಹಬ್ಬವಾಗಬೇಕಾಗಿತ್ತು. ಅವನ ದೇಹಕ್ಕೆ ದೊರೆತ ಪೋಷಣೆಗೆ ಕೊರತೆಯಿಲ್ಲ. ಅವನ ಸ್ವಭಾವದ ಚಿಂತೆ ಅಲ್ಲಿ ಮುಖ್ಯವಾಗಿರಲಿಲ್ಲ.

ಮುಂದೆ ನಾಲ್ಕೈದು ಶತಮಾನ ಕಳೆದ ಮೇಲೆ, ಭೀಮೆಯ ದಡ ಬಿಜಾಪುರದ ಆದಿಲಶಾಹಿಗಳ ಕೈಯಲ್ಲಿದ್ದಾಗ, ಅವರ ಆಸ್ಥಾನದಲ್ಲಿ ಫೆರಿಶ್ತಾ ಎಂಬ ಇತಿಹಾಸಕಾರನಿದ್ದನು. ದಖ್ಖನಿನಲ್ಲಿ ಕತ್ತಿಯ ದ್ವಂದ್ವ ಹೇಗೆ ಹರಡಿತೆಂಬುದನ್ನು ಅವನು ನೊಂದುಕೊಂಡು ಬರೆದಿದ್ದಾನೆ. ಅಹಮದನಗರದ ಮೊದಲ ಸುಲ್ತಾನನಾದ ಅಹಮದ್ ನಿಜಾಮ್ ಶಾಹನಿಗೆ ಕತ್ತಿವರಸೆ ಎಂದರೆ ಬಹಳ ಪ್ರೀತಿ. ಅರಸನ ಒಲವನ್ನು ಕಂಡು ನಗರದ ತರುಣರೆಲ್ಲ ಕತ್ತಿ ಹಿಡಿದರು. ನಾನು ಹೆಚ್ಚೋ ನೀನು ಹೆಚ್ಚೋ ಎಂಬ ಮಾತು ಬಂದೊಡನೆ ಅರಸನ ಎದುರಿಗೇ ಹೋರಾಟ. ದಿನಬೆಳಗಾದರೆ ಹೆಣ ಬೀಳತೊಡಗಿತು. ಈ ಗೀಳು ಅಲ್ಲಿಂದ ದಖ್ಖನಿನ ಉಳಿದ ರಾಜ್ಯಗಳಿಗೂ ಹಬ್ಬಿತು. ಬಿಜಾಪುರದ ಬೀದಿಯಲ್ಲಿ ತಾನೇ ಕಣ್ಣಾರೆ ಕಂಡ ಒಂದು ಜಗಳವನ್ನು ಫೆರಿಶ್ತಾ ದಾಖಲಿಸಿದ್ದಾನೆ. ಹುಟ್ಟಿದ್ದು ಒಂದು ಕ್ಷುಲ್ಲಕ ಮಾತಿಗೆ; ಸತ್ತವರು ಆರು ಮಂದಿ. ಅವರಲ್ಲಿ ಒಬ್ಬನು ತರುಣ, ಉಳಿದವರು ನರೆತ ಗಡ್ಡದ ಗೌರವಸ್ಥರು! ವಿದ್ಯೆ ಅವರಿಗೆ ಕಡಿಮೆ ಇತ್ತೆನ್ನಲಾರಿರಿ. ಕತ್ತಿಯನ್ನು ಬೀಸುವುದನ್ನು ಅವರು ಬಲ್ಲರು; ಯಾವಾಗ ಒರೆಯಲ್ಲಿಡಬೇಕೆಂಬುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಸೀಮೆಯ ಹಳ್ಳಿಯ ತಾಲೀಮಿನೊಳಗೆ ಬನ್ನಿರಿ. ತಗ್ಗು ಬಾಗಿಲು, ತಲೆ ಬಾಗಿಸದೆ ಒಳಗೆ ಹೋಗುವಂತಿಲ್ಲ. ಚಪ್ಪಲಿ ಹೊರಗೆ. ಗೂಡಿನಲ್ಲಿ ಮಾರುತಿಯ ಮೂರ್ತಿ, ನಡುವೆ ಕೆಮ್ಮಣ್ಣಿನ ಕಣ. ಈ ಕೆಮ್ಮಣ್ಣಿನ ವಿಷಯ ಸ್ವಲ್ಪ ಹೇಳಬೇಕು. ಅಫಜಲಪುರ, ಜೇವರ್ಗಿಗಳ ಹೊಲಗಳು ಹೆಚ್ಚಾಗಿ ಎರೆಭೂಮಿ. ಎರೆಮಣ್ಣು ಜೋಳ ತೊಗರಿಗಳಿಗೆ ತಾಯಿಯಂಥದು. ಕುಸ್ತಿಗೆ ಮಾತ್ರ ಆಗದು. ಒಣಗಿದರೆ ಬಿರಿದು ಹೆಂಟೆಯಾಗುತ್ತದೆ, ನೆನೆದರೆ ಕಾಲು ಬಿಡುವುದಿಲ್ಲ. ಆದುದರಿಂದ ಕೆಮ್ಮಣ್ಣನ್ನು ಸಿಕ್ಕ ಕಡೆಯಿಂದ ಬಂಡಿಯಲ್ಲಿ ಹೇರಿ ತರಬೇಕು, ಜರಡಿ ಹಿಡಿಯಬೇಕು, ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆಹಣ್ಣಿನ ರಸ ಬೆರಸಿ ಹದ ಮಾಡಬೇಕು. ಊರು ಕೂಡದೆ ಈ ಕೆಲಸ ಆಗುವುದಿಲ್ಲ. ಕಲ್ಯಾಣದ ಮಲ್ಲನಿಗೆ ಎಲ್ಲವೂ ಅರಮನೆಯಿಂದ ಬರುತ್ತಿತ್ತು. ಇಲ್ಲಿನ ಹುಡುಗ ಹೊಲದ ಕೆಲಸ ಮುಗಿಸಿ, ಮನೆಯ ಜೋಳದ ರೊಟ್ಟಿ ತಿಂದು, ತಾನು ಆಡುವ ಮಣ್ಣನ್ನು ತಾನೇ ಹದಗೊಳಿಸಬೇಕಾಗಿತ್ತು.

ಹೊಸದಾಗಿ ಸೇರಿದವನಿಗೆ ಮೊದಲ ದಿನವೇ ಡಾವು ಹೇಳಿಕೊಡುತ್ತಾರೆಂದು ತಿಳಿಯಬೇಡಿರಿ. ಅವನ ಕೈಗೆ ಸಿಗುವುದು ಸಲಿಕೆ, ಕಸಬರಿಗೆ. ಕಣವನ್ನು ಅಗೆದು ಸಡಿಲಿಸುವುದೇ ಒಂದು ವ್ಯಾಯಾಮ. ಆಮೇಲೆ ದಂಡ, ಬಸ್ಕಿ. ಬೆನ್ನು ತೋಳು ಗಟ್ಟಿಯಾದ ಮೇಲೆ ದೊಡ್ಡವರೊಡನೆ ಜೋರು ಹಿಡಿಯುವ ಅಭ್ಯಾಸ. ಕಣಕ್ಕಿಳಿಯುವವನು ಮಣ್ಣನ್ನು ಮುಟ್ಟಿ ಹಣೆಗೆ ಹಚ್ಚಿಕೊಳ್ಳಬೇಕು. ಮಾರುತಿಗೆ ಕೈಮುಗಿದು ಇಳಿಯುವವನ ಎದುರಿಗೆ ‘ಯಾ ಅಲಿ’ ಎಂದು ಇಳಿಯುವವನೂ ಇರುತ್ತಾನೆ. ಮಣ್ಣು ಇಬ್ಬರಿಗೂ ಒಂದೇ. ಎಲ್ಲ ಊರುಗಳಲ್ಲಿಯೂ ಎಲ್ಲ ಕೇರಿಯ ಹುಡುಗರಿಗೂ ಈ ಬಾಗಿಲು ಒಂದೇ ಸಮನಾಗಿ ತೆರೆದಿತ್ತೆಂದು ಮಾತ್ರ ನಾನು ಹೇಳಲಾರೆ.

ಇನ್ನೊಂದು ವಾಡಿಕೆ ನನಗೆ ಬಹಳ ಹಿಡಿಸಿದೆ. ಬೆವೆತ ಮೈ ಜಾರುತ್ತದೆ. ಪೈಲವಾನನು ಬೊಗಸೆಯಲ್ಲಿ ಮಣ್ಣು ತೆಗೆದು ಎದುರಾಳಿಯ ಮೈಗೆ ಎರಚುತ್ತಾನೆ. ಅವನೂ ಇವನಿಗೆ ಹಾಗೆಯೇ ಮಾಡುತ್ತಾನೆ. ಜಾರಿಕೊಂಡು ಗೆಲ್ಲುವ ಹಂಬಲವಿದ್ದವನು ಮೈಮೇಲಿನ ಮಣ್ಣನ್ನು ಒರೆಸಿಕೊಂಡರೆ ಉಸ್ತಾದನು ಸುಮ್ಮನಿರುವನೆ? ಬೆನ್ನು ನೆಲಕ್ಕೆ ತಾಗಿ ಚಿತ್ ಆಯಿತೆಂದರೆ ಕುಸ್ತಿ ಮುಗಿಯಿತು. ಬಿದ್ದವನ ಮೇಲೆ ಕೈ ಮಾಡುವಂತಿಲ್ಲ. ಜಾತ್ರೆಯ ಕಣದಲ್ಲಿಯೂ ಇದೇ ಕ್ರಮ. ಹಲಗೆಯ ಬಡಿತದ ನಡುವೆ ಚಿಕ್ಕ ಹುಡುಗರ ತೆಂಗಿನಕಾಯಿಯ ಕುಸ್ತಿಯಿಂದ ಆರಂಭವಾಗಿ, ಬೆಳ್ಳಿಯ ಕಡಗದ ಕುಸ್ತಿಗೆ ಬರುವ ಹೊತ್ತಿಗೆ ಸಂಜೆಯಾಗಿರುತ್ತದೆ. ನಾಲ್ಕು ಊರಿನ ಜನರ ಎದುರು ಸೋತು, ಎದ್ದು, ಗೆದ್ದವನ ಕೈ ಹಿಡಿದು ಹೊರಬರುವುದು ಹದಿನಾರು ವರ್ಷದ ಹುಡುಗನಿಗೆ ಸಣ್ಣ ಪಾಠವಲ್ಲ. ಬಿಜಾಪುರದ ಬೀದಿಯಲ್ಲಿ ಬಿದ್ದ ಆ ನರೆಗಡ್ಡದವರಿಗೆ ದೊರೆಯದೆ ಹೋದದ್ದು ಇದೇ.

ಈ ಕಟ್ಟು ಸಡಿಲವಾದರೆ ಏನಾಗುತ್ತದೆಂಬುದನ್ನು ಇದೇ ಸೀಮೆ ಮತ್ತೊಮ್ಮೆ ಕಂಡಿತು. ನಿಜಾಮರ ಆಳ್ವಿಕೆಯ ಕೊನೆಯ ದಶಕಗಳಲ್ಲಿ ಸಭೆ ನಡೆಸಲು, ಖಾಸಗಿ ಶಾಲೆ ತೆರೆಯಲು ಬೇಕಾದಂತೆ ಅಖಾಡ ತೆರೆಯಲೂ ಸರಕಾರದ ಅಪ್ಪಣೆ ಬೇಕಾಯಿತು. 1938-39ರ ಆರ್ಯ ಸತ್ಯಾಗ್ರಹದ ದೂರುಗಳಲ್ಲಿ ಇದೂ ಒಂದು. ಸರಕಾರ ಮಣ್ಣಿನ ಕಣಕ್ಕೆ ಹೆದರಿತೆಂದು ನಗಬಹುದು. ಆದರೆ ಅಖಾಡಗಳು ಪಂಗಡಗಳ ಪಾಳೆಯಗಳಾಗುತ್ತಿದ್ದ ಕಾಲವದು. ಹತ್ತು ವರ್ಷ ಕಳೆಯುವುದರೊಳಗೆ ರಜಾಕಾರರ ಕವಾಯತು ಬಂದಿತು. ಅದರಲ್ಲಿಯೂ ಶಿಸ್ತು ಇತ್ತು, ವ್ಯಾಯಾಮವಿತ್ತು. ಎದುರಾಳಿಗೆ ಕೈಕೊಡುವ ಪದ್ಧತಿ ಇರಲಿಲ್ಲ. 1948ರ ಸೆಪ್ಟೆಂಬರಿನ ವರೆಗೆ ಈ ಹಳ್ಳಿಗಳು ಅನುಭವಿಸಿದ್ದನ್ನು ಹಿರಿಯರು ಮರೆತಿರಲಿಲ್ಲ.

ಹಳ್ಳಿಯ ಉಸ್ತಾದನು ಅನುಭವದಿಂದ ತಿಳಿದದ್ದನ್ನು ಅಮೆರಿಕದಲ್ಲಿ ಮೈಕೇಲ್ ಟ್ರುಲ್ಸನ್ ಎಂಬ ಸಂಶೋಧಕರು ಪರೀಕ್ಷೆಗೆ ಹಚ್ಚಿ 1986ರಲ್ಲಿ ಪ್ರಕಟಿಸಿದರು. ತಪ್ಪುದಾರಿ ಹಿಡಿದಿದ್ದ 13ರಿಂದ 17 ವಯಸ್ಸಿನ 34 ಹುಡುಗರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕೊರಿಯದ ಟೇಕ್ವಾಂಡೋ ಕಲೆಯನ್ನು ಧ್ಯಾನ, ಗುರುಗೌರವ, ಅದರ ನೀತಿ ಸಮೇತ ಕಲಿಸಲಾಯಿತು. ಎರಡನೆಯ ಗುಂಪಿಗೆ ಹೊಡೆದಾಟದ ಕೌಶಲ ಮಾತ್ರ. ಮೂರನೆಯದಕ್ಕೆ ಓಟ, ಚೆಂಡಾಟ. ಆರು ತಿಂಗಳಾದ ಮೇಲೆ ಮೊದಲನೆಯ ಗುಂಪಿನವರ ಆಕ್ರಮಣಶೀಲತೆಯೂ ಕಳವಳವೂ ಇಳಿದು, ತಮ್ಮ ಮೇಲಿನ ನಂಬಿಕೆ ಹೆಚ್ಚಿತ್ತು. ಎರಡನೆಯ ಗುಂಪಿನವರು ಮೊದಲಿಗಿಂತ ಹೆಚ್ಚು ಜಗಳಗಂಟರಾಗಿದ್ದರು. 34 ಮಂದಿ ಎಂದರೆ ದೊಡ್ಡ ಲೆಕ್ಕವಲ್ಲ, ನಿಜ. ಆದರೂ ಫೆರಿಶ್ತಾ ಇದನ್ನು ಓದಿದ್ದರೆ ತಲೆದೂಗುತ್ತಿದ್ದನು.

ಆರೋಗ್ಯದ ಮಾತಂತೂ ಬಲ್ಲವರಿಗೆ ಹೊಸದಲ್ಲ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಂತೆ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಬೆಳಗಿನ ತಾಲೀಮಿನಲ್ಲಿ ಅಷ್ಟು ಹೊತ್ತು ಕಣ ಅಗೆಯುವುದಕ್ಕೂ ಬಸ್ಕಿಗೂ ಸಾಲುತ್ತಿರಲಿಲ್ಲ.

ತಾಲೀಮಿನ ಬಾಗಿಲು ಹೆಣ್ಣುಮಕ್ಕಳಿಗೆ ಬಹುಮಟ್ಟಿಗೆ ಮುಚ್ಚಿತ್ತು. ಈಚಿನ ವರ್ಷಗಳಲ್ಲಿ ಸರಕಾರಿ ಶಾಲೆಗಳ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ, ವಸತಿಶಾಲೆಗಳಲ್ಲಿ ಓಬವ್ವನ ಹೆಸರಿನಲ್ಲಿ ಆತ್ಮರಕ್ಷಣೆಯ ಕಲೆಯನ್ನು ಕಲಿಸುವ ಯೋಜನೆಗಳು ಬಂದಿವೆ. ಮೊದಲನೆಯದರ ಅವಧಿ ಮೂರು ತಿಂಗಳು. ಶಾಲೆಯ ಬಯಲಿನಲ್ಲಿ ಹುಡುಗಿಯರು ಸಾಲಾಗಿ ನಿಂತು, ಎದುರಿನವಳಿಗೆ ಬಾಗಿ ವಂದಿಸಿ, ಆಮೇಲೆ ಮುಷ್ಟಿ ಎತ್ತುತ್ತಾರೆ. ಈ ವಂದನೆಯನ್ನು ನಮ್ಮ ಹಳೆಯ ಉಸ್ತಾದರು ಕೂಡಲೆ ಗುರುತಿಸುತ್ತಿದ್ದರು. ಮೂರು ತಿಂಗಳು ತುಂಬಿ ತರಬೇತುದಾರರು ಬೇರೆ ಶಾಲೆಗೆ ಹೋದ ಮೇಲೆ, ನಾಲ್ಕನೆಯ ತಿಂಗಳಿನ ಬೆಳಗುಗಳಲ್ಲಿ ಆ ಹುಡುಗಿಯರನ್ನು ಬಯಲಿಗೆ ಕರೆಯುವವರು ಯಾರೆಂಬುದನ್ನು ಆಯಾ ಊರಿನವರೇ ಕುಳಿತು ಗೊತ್ತುಮಾಡಬೇಕಾಗಿದೆ.