ಸಾಲದ ಪತ್ರ ಹೇಳುವ ಚರಿತ್ರೆ: ‘ಹೆಲ್ ಆರ್ ಹೈ ವಾಟರ್’



ಲೆಕ್ಕ ಪರಿಶೋಧಕನನ್ನು ಭಾಷಣಕ್ಕೆ ಕರೆದರೆ ತೆರಿಗೆ ಉಳಿಸುವ ದಾರಿ ಹೇಳುತ್ತಾನೆಂದು ನೀವು ಕಾದಿರಬಹುದು. ಕ್ಷಮಿಸಿ, ನಾನು ಇಂದು ಒಂದು ಸಿನಿಮಾದ ಬಗ್ಗೆ ಮಾತಾಡುತ್ತೇನೆ. ಟೇಲರ್ ಶೆರಿಡನ್ ಬರೆದು, ಡೇವಿಡ್ ಮೆಕೆಂಜಿ ನಿರ್ದೇಶಿಸಿದ, 2016ರ ‘ಹೆಲ್ ಆರ್ ಹೈ ವಾಟರ್’. ಕೌಬಾಯ್ ಟೋಪಿ, ಪಿಸ್ತೂಲು, ಬ್ಯಾಂಕ್ ದರೋಡೆ ಎಲ್ಲವೂ ಅದರಲ್ಲಿವೆ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಒಂದು ಸಾಲದ ಪತ್ರ.

ಟೋಬಿ ಮತ್ತು ಟ್ಯಾನರ್ ಪಶ್ಚಿಮ ಟೆಕ್ಸಾಸಿನ ಅಣ್ಣತಮ್ಮಂದಿರು. ಅವರ ತಾಯಿ ಜಮೀನಿನ ಮೇಲೆ ರಿವರ್ಸ್ ಮಾರ್ಟ್‌ಗೇಜ್ ಸಾಲ ಪಡೆದು ತೀರಿಕೊಂಡಿದ್ದಾಳೆ. ಮಾಮೂಲಿ ಗೃಹಸಾಲದಲ್ಲಿ ನಾವು ಕಂತು ಕಟ್ಟಿದಂತೆ ಸಾಲ ಕರಗುತ್ತದೆ. ಇದರಲ್ಲಿ ಬ್ಯಾಂಕೇ ವೃದ್ಧರಿಗೆ ಹಣ ಕೊಡುತ್ತದೆ, ಬಡ್ಡಿ ಸೇರುತ್ತಾ ಸಾಲ ಬೆಳೆಯುತ್ತದೆ. ಸಾಲಗಾರರು ಸತ್ತ ಮೇಲೆ ಬಾಕಿ ತೀರಿಸದಿದ್ದರೆ ಆಸ್ತಿ ಹೋಗುತ್ತದೆ. ಆ ಜಮೀನಿನಡಿ ಈಗ ಎಣ್ಣೆ ಸಿಕ್ಕಿದೆ. 25,000 ಡಾಲರ್ ಕೊಟ್ಟ ಬ್ಯಾಂಕು ಅದನ್ನು ನುಂಗಲು ಕಾದಿದೆ. ಸಹೋದರರು ಅದೇ ಬ್ಯಾಂಕಿನ ಶಾಖೆಗಳನ್ನು ದೋಚಿ, ಒಕ್ಲಹೋಮಾದ ಕ್ಯಾಸಿನೊದಲ್ಲಿ ಹಣಕ್ಕೆ ಬೇರೆ ಮೂಲ ತೋರಿಸಿ, ಅದೇ ಬ್ಯಾಂಕಿನ ಸಾಲ ತೀರಿಸುತ್ತಾರೆ.

ಇದು ಟೆಕ್ಸಾಸಿನಲ್ಲೇ ನಡೆಯುವ ಕಥೆ ಎಂಬುದಕ್ಕೆ ವಿಶೇಷ ಅರ್ಥವಿದೆ. ಟೆಕ್ಸಾಸ್ ಇನ್ನೂ ಸ್ವತಂತ್ರ ಗಣರಾಜ್ಯವಾಗಿದ್ದ 1839ರಲ್ಲೇ, ಸಾಲಗಾರನ ವಾಸದ ಮನೆ ಮತ್ತು 50 ಎಕರೆ ನೆಲವನ್ನು ಸಾಲದವರು ಕಸಿಯದಂತೆ ಅಲ್ಲಿ ಕಾನೂನು ಬಂತು. 1837ರ ಆರ್ಥಿಕ ಕುಸಿತದಲ್ಲಿ ಸೋತು ಓಡಿಬಂದವರಿಗೆ ಅದು ಆಸರೆಯಾಯಿತು. ಮುಂದೆ ಈ ರಕ್ಷಣೆ ರಾಜ್ಯದ ಸಂವಿಧಾನವನ್ನೇ ಸೇರಿತು. ವಾಸದ ಆಸ್ತಿಯ ಮೌಲ್ಯದ ಮೇಲೆ ಕೈಸಾಲ ಕೊಡುವುದಕ್ಕೆ ಬಾಗಿಲು ತೆರೆದದ್ದು 1997ರ ತಿದ್ದುಪಡಿ. ಶೆರಿಡನ್ ಕಥೆ ಆ ಬಾಗಿಲಿನಿಂದಲೇ ಒಳಬರುತ್ತದೆ.

ಆದರೆ ಖಾತೆಯ ಮೊದಲ ಪುಟ ಇನ್ನೂ ಹಿಂದಿನದು. ದರೋಡೆಕೋರರ ಬೆನ್ನು ಹತ್ತಿದ ಪೊಲೀಸ್ ಅಧಿಕಾರಿಗಳಲ್ಲಿ ಒಬ್ಬನಾದ ಆಲ್ಬರ್ಟೊ ಅರ್ಧ ಕೊಮಾಂಚೆ. ಈ ನೆಲ ನನ್ನ ಹಿರಿಯರದಾಗಿತ್ತು, ಇವರ ಅಜ್ಜಂದಿರು ಕಸಿದರು, ಈಗ ಬ್ಯಾಂಕು ಇವರಿಂದ ಕಸಿಯುತ್ತಿದೆ ಎಂಬರ್ಥದ ಮಾತನ್ನು ಅವನು ಬ್ಯಾಂಕಿನ ಎದುರು ಕುಳಿತೇ ಹೇಳುತ್ತಾನೆ. ಅದು ಬರೀ ಸಂಭಾಷಣೆಯಲ್ಲ. 1874ರ ಸೆಪ್ಟೆಂಬರಿನಲ್ಲಿ ಪಾಲೊ ಡ್ಯೂರೊ ಕಣಿವೆಯಲ್ಲಿ ಸೈನ್ಯವು ಕೊಮಾಂಚೆ ಮತ್ತು ಅವರ ಮಿತ್ರರ ಶಿಬಿರಗಳನ್ನು ಸುಟ್ಟು, ಸಾವಿರಕ್ಕೂ ಹೆಚ್ಚು ಕುದುರೆಗಳನ್ನು ಗುಂಡಿಟ್ಟು ಕೊಂದಿತು. ಕುದುರೆಯಿಲ್ಲದೆ ಬೇಟೆಯಿಲ್ಲ. ಮರುವರ್ಷ ಕ್ವಾನಾ ಪಾರ್ಕರ್ ತನ್ನವರೊಡನೆ ಫೋರ್ಟ್ ಸಿಲ್‌ನಲ್ಲಿ ಶರಣಾದ.

ಚಿತ್ರದ ಕೊನೆಯಲ್ಲಿ ಸಾಲ ತೀರುತ್ತದೆ, ಜಮೀನು ಮಕ್ಕಳ ಹೆಸರಿನ ಟ್ರಸ್ಟಿಗೆ ಸೇರುತ್ತದೆ. ಆ ಟ್ರಸ್ಟನ್ನು ನೋಡಿಕೊಳ್ಳುವುದು ಅದೇ ಬ್ಯಾಂಕು! ಒಳ್ಳೆಯ ಗಿರಾಕಿ ಕೈತಪ್ಪಬಾರದೆಂದು ಅದು ತನಿಖೆಗೂ ಸಹಕರಿಸುವುದಿಲ್ಲ. ಜಮಾ ಖರ್ಚು ತಾಳೆಯಾಯಿತು. ಆದರೆ ಆಲ್ಬರ್ಟೊ ಟ್ಯಾನರ್‌ನ ಗುಂಡಿಗೆ ಸತ್ತಿದ್ದಾನೆ. ನೆಲವನ್ನು ಮೊದಲು ಕಳೆದುಕೊಂಡವರ ವಂಶದವನೇ ಕೊನೆಯ ಬೆಲೆಯನ್ನೂ ತೆತ್ತ. ಯಾವ ಪುಸ್ತಕದಲ್ಲೂ ಅವನ ಹೆಸರಿನ ನಮೂದಿಲ್ಲ.

ಇಪ್ಪತ್ತು ವರ್ಷಗಳಿಂದ ಎರಡೂ ಬದಿ ಸಮವಾದರೆ ನೆಮ್ಮದಿಯಿಂದ ಪುಸ್ತಕ ಮುಚ್ಚುತ್ತಿದ್ದವನು ನಾನು. ಈ ಚಿತ್ರ ನೋಡಿದ ಮೇಲೆ, ಇದರಲ್ಲಿ ಯಾರನ್ನು ಬಿಟ್ಟಿದ್ದೇವೆ ಎಂದು ಒಮ್ಮೆ ಕೇಳಿಕೊಳ್ಳುತ್ತೇನೆ.

ಭಾರತದಲ್ಲೂ 2007ರಿಂದ ರಿವರ್ಸ್ ಮಾರ್ಟ್‌ಗೇಜ್ ಇದೆ. ಅದು ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಕೆಲವು ವೃದ್ಧರಿಗೆ ಅದೇ ಊರುಗೋಲು. ಆದರೆ ಹೋವರ್ಡ್ ಮನೆಯ ತಾಯಿ ಸಹಿ ಹಾಕುವಾಗ ಪಕ್ಕದಲ್ಲಿ ಕುಳಿತು ಓದಿ ಹೇಳುವವರು ಇದ್ದಂತೆ ಕಾಣುವುದಿಲ್ಲ. ನಾವೆಲ್ಲ ಊರು ಬಿಟ್ಟು ಬಂದವರು. ಈ ವಾರ ಮನೆಗೆ ಫೋನ್ ಮಾಡಿದಾಗ ಊಟ ಆಯಿತಾ ಎಂದು ಕೇಳಿದ ಮೇಲೆ, ಯಾವುದಾದರೂ ಕಾಗದ ಬಂದಿದೆಯಾ ಎಂದೂ ಕೇಳಿ.