ಹರೆಯದ ಹಾರ್ಮೋನು, ಬದುಕಿನುದ್ದದ ಮೂಳೆ

ಮೂಳೆ ಗಟ್ಟಿಯಾಗುವ ಕಾಲ ಚಿಕ್ಕದು. ಹರೆಯದಿಂದ ಇಪ್ಪತ್ತೈದು ಮೂವತ್ತು ವರ್ಷದೊಳಗೆ ಕೂಡಿಟ್ಟದ್ದನ್ನೇ ಆಮೇಲೆ ಬದುಕಿನುದ್ದಕ್ಕೂ ಖರ್ಚು ಮಾಡುತ್ತೇವೆ. ಟ್ರಾನ್ಸ್‌ಜೆಂಡರ್ ಹುಡುಗ ಹುಡುಗಿಯರು ಹಾರ್ಮೋನ್ ಚಿಕಿತ್ಸೆಗೆ ಬರುವುದೂ ಇದೇ ವಯಸ್ಸಿನಲ್ಲಿ.

ಲೈಂಗಿಕ ಹಾರ್ಮೋನು ಇಲ್ಲದಿದ್ದರೆ ಮೂಳೆಗೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲೇ ಕಠೋರ ಸಾಕ್ಷ್ಯವಿತ್ತು. ಚೀನಾ ಮತ್ತು ಆಟೊಮನ್ ಅರಮನೆಗಳಲ್ಲಿ, ರಷ್ಯಾದ ಸ್ಕೋಪ್ಟ್ಸಿ ಪಂಥದಲ್ಲಿ ವೃಷಣ ತೆಗೆಸಿಕೊಂಡವರ ಹಳೆಯ ದಾಖಲೆಗಳನ್ನು ವಿಲ್ಸನ್ ಮತ್ತು ರೋರ್‌ಬಾರ್ನ್ 1999ರಲ್ಲಿ ಒಂದೆಡೆ ತಂದರು. ಬಾಗಿದ ಬೆನ್ನು, ತೆಳುವಾದ ಎಲುಬು ಅಲ್ಲಿ ಕಾಣುತ್ತವೆ. ಅದಕ್ಕೂ ಮುಂಚೆ, 1994ರಲ್ಲಿ, ಅಮೆರಿಕದ ವೈದ್ಯರು 28 ವರ್ಷದ ಒಬ್ಬ ಪುರುಷನ ಬಗ್ಗೆ ಬರೆದಿದ್ದರು. ಎತ್ತರ 204 ಸೆಂಟಿಮೀಟರ್, ಬೆಳವಣಿಗೆ ಆಗಲೂ ನಿಂತಿರಲಿಲ್ಲ, ಮೂಳೆ ಮಾತ್ರ ಟೊಳ್ಳು. ಟೆಸ್ಟೋಸ್ಟಿರಾನ್‌ಗೆ ಕೊರತೆ ಇರಲಿಲ್ಲ. ಅವನ ದೇಹ ಈಸ್ಟ್ರೋಜನ್‌ಗೆ ಸ್ಪಂದಿಸುತ್ತಿರಲಿಲ್ಲ. ಗಂಡಿನ ಮೂಳೆಗೂ ಈಸ್ಟ್ರೋಜನ್ ಬೇಕು, ಟೆಸ್ಟೋಸ್ಟಿರಾನ್‌ನ ಒಂದು ಪಾಲು ದೇಹದಲ್ಲಿ ಈಸ್ಟ್ರೋಜನ್ ಆಗಿ ಮಾರ್ಪಡುತ್ತದೆ ಎಂಬುದು ಅಲ್ಲಿಂದ ಗಟ್ಟಿಯಾಯಿತು. ನನಗೆ ಈ ಕ್ಷೇತ್ರದ ಬೀಗದ ಕೈ ಇದೇ ಅನಿಸುತ್ತದೆ. ಮೂಳೆಗೆ ಅಪಾಯವಿರುವುದು ಹಾರ್ಮೋನು ಬದಲಾದಾಗ ಅಲ್ಲ, ಯಾವ ಹಾರ್ಮೋನೂ ಇಲ್ಲದಾದಾಗ.

ಹದಿಹರೆಯದವರ ಚಿಕಿತ್ಸೆಗೆ ಕ್ರಮ ಕಟ್ಟಿದ್ದು ನೆದರ್‌ಲ್ಯಾಂಡ್ಸ್. ಟ್ರಿಪ್ಟೊರೆಲಿನ್ ಚುಚ್ಚುಮದ್ದಿನಿಂದ ಹರೆಯವನ್ನು ತಡೆಹಿಡಿದು, ಹದಿನಾರರ ಸುಮಾರಿಗೆ ಬೇಕಾದ ಹಾರ್ಮೋನು ಕೊಡುವ ಪದ್ಧತಿಯನ್ನು ಡೆಲೆಮಾರ್ ಮತ್ತು ಕೋಹೆನ್-ಕೆಟೆನಿಸ್ 2006ರಲ್ಲಿ ವಿವರಿಸಿದರು. ತಡೆಹಿಡಿದ ಆ ವರ್ಷಗಳಲ್ಲಿ ಓರಗೆಯವರ ಮೂಳೆ ತುಂಬಿಕೊಳ್ಳುತ್ತದೆ, ಇವರದು ಹಿಂದೆ ಬೀಳುತ್ತದೆ. 2015ರಲ್ಲಿ ಕ್ಲಿಂಕ್ ಮತ್ತು ಸಂಗಡಿಗರು 34 ಮಂದಿಯನ್ನು 22ರ ವಯಸ್ಸಿನವರೆಗೆ ಗಮನಿಸಿದಾಗ ಹಿಂದೆ ಬಿದ್ದದ್ದು ಪೂರ್ತಿ ತುಂಬಿರಲಿಲ್ಲ. 2023ರ ಅಧ್ಯಯನ ಇನ್ನೂ ಮುಂದೆ ಹೋಯಿತು: 75 ಮಂದಿ, ಸರಾಸರಿ 28 ವರ್ಷ, ಒಂಬತ್ತು ವರ್ಷಕ್ಕೆ ಕಡಿಮೆಯಿಲ್ಲದ ಹಾರ್ಮೋನ್ ಚಿಕಿತ್ಸೆ. ಟ್ರಾನ್ಸ್ ಯುವಕರ ಮೂಳೆ ಚಿಕಿತ್ಸೆಗೆ ಮುಂಚಿನ ಮಟ್ಟಕ್ಕೆ ಮರಳಿತ್ತು. ಟ್ರಾನ್ಸ್ ಯುವತಿಯರ ಕೆಳಬೆನ್ನಿನ ಮೂಳೆ ಮಾತ್ರ ಹಿಂದೆಯೇ ಉಳಿದಿತ್ತು.

ಈ ಯುವತಿಯರ ಮೂಳೆ ಚಿಕಿತ್ಸೆಗೆ ಮೊದಲೇ ತೆಳುವಾಗಿರುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಆಟೋಟ ಕಡಿಮೆ, ವಿಟಮಿನ್ ಡಿ ಕಡಿಮೆ ಎಂದು ಸಂಶೋಧಕರು ಊಹಿಸುತ್ತಾರೆ. ಗೇಲಿಗೆ ಹೆದರಿ ಶಾಲೆಯ ಮೈದಾನಕ್ಕೆ ಇಳಿಯದ ಮಗುವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವಮಾನವೂ ಮೂಳೆಯನ್ನು ಸವೆಸುತ್ತದೆ ಎಂದೇ ನಾನು ಓದಿಕೊಳ್ಳುತ್ತೇನೆ.

ಮೈಕಟ್ಟಿನ ವಿಚಾರ ಇಷ್ಟು ಜಟಿಲವಲ್ಲ. ಟೆಸ್ಟೋಸ್ಟಿರಾನ್ ಸ್ನಾಯು ಬೆಳೆಸುತ್ತದೆ. ಈಸ್ಟ್ರೋಜನ್ ಸೊಂಟ, ತೊಡೆಗಳಲ್ಲಿ ಕೊಬ್ಬು ಸೇರಿಸಿ ಸ್ನಾಯುವನ್ನು ತಗ್ಗಿಸುತ್ತದೆ. ಬೇಗ ಚಿಕಿತ್ಸೆ ಶುರುವಾದವರ ಮೈಕಟ್ಟು ತಾವು ಗುರುತಿಸಿಕೊಂಡ ಲಿಂಗದವರನ್ನು ಹೆಚ್ಚು ಹೋಲುತ್ತದೆ ಎಂದು ಕ್ಲಾವರ್ ತಂಡ 2018ರಲ್ಲಿ ತೋರಿಸಿತು.

ಇವೆಲ್ಲ ಸಣ್ಣ ಗುಂಪುಗಳ ಅಧ್ಯಯನ, ಚಿಕಿತ್ಸೆ ಪಡೆಯದವರ ಜೊತೆ ಹೋಲಿಕೆ ವಿರಳ. 2024ರಲ್ಲಿ, ಈ ಚಿಕಿತ್ಸೆಯನ್ನು ಪರಿಶೀಲಿಸಿದ ಇಂಗ್ಲೆಂಡಿನ ಕ್ಯಾಸ್ ವರದಿ ಇದನ್ನೇ ಎತ್ತಿ ತೋರಿಸಿತು. ಹರೆಯ ತಡೆಯುವ ಮದ್ದನ್ನು ವಾಡಿಕೆಯಂತೆ ಕೊಡುವುದು ಅಲ್ಲಿ ನಿಂತಿತು. ಎಚ್ಚರಿಕೆ ಬೇಕೆಂಬ ಮಾತು ಸರಿಯೇ. ಆದರೆ ಆ ಚರ್ಚೆಯನ್ನು ಹಾಗೆಯೇ ನಮ್ಮಲ್ಲಿಗೆ ತರುವುದು ದಾರಿ ತಪ್ಪಿಸುತ್ತದೆ.

ಏಕೆಂದರೆ ನಮ್ಮಲ್ಲಿ ಆ ದುಬಾರಿ ಚುಚ್ಚುಮದ್ದು ಸಿಗುವವರೇ ಅಪರೂಪ. ಕಡೂರು, ಅಜ್ಜಂಪುರ, ತರೀಕೆರೆಯಂಥ ಊರುಗಳ ಮಕ್ಕಳು ಮನೆಯಲ್ಲಿ ಜಾಗವಿಲ್ಲದೆ ದೊಡ್ಡ ಊರಿನ ದಾರಿ ಹಿಡಿದರೆ, ಗೆಳತಿಯರ ಮಾತು ಕೇಳಿ ಮೆಡಿಕಲ್ ಶಾಪಿನ ಗರ್ಭನಿರೋಧಕ ಮಾತ್ರೆ ನುಂಗುವುದು ನಮ್ಮ ದೇಶದಲ್ಲಿ ಹೊಸತಲ್ಲ. ಕೆಲವರು ನಿರ್ವಾಣ, ಅಂದರೆ ವೃಷಣ ತೆಗೆಸುವ ಶಸ್ತ್ರಕ್ರಿಯೆ, ಮಾಡಿಸಿಕೊಂಡು, ಆಮೇಲೆ ಈಸ್ಟ್ರೋಜನ್ ತೆಗೆದುಕೊಳ್ಳದೆ ಇದ್ದುಬಿಡುತ್ತಾರೆ. ಅರಮನೆಯ ದಾಖಲೆಗಳು ಎಚ್ಚರಿಸಿದ ಸ್ಥಿತಿ ಇದೇ: ಹಳೆಯ ಹಾರ್ಮೋನು ಹೋಯಿತು, ಹೊಸದು ಬರಲಿಲ್ಲ.

ಕಾಗದದ ಮೇಲೆ ದಾರಿ ಇದೆ. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆಯ 15ನೇ ಕಲಂ ಹಾರ್ಮೋನ್ ಚಿಕಿತ್ಸೆಯನ್ನು ಸರ್ಕಾರದ ಹೊಣೆಗೆ ಸೇರಿಸಿದೆ. 2020ರಲ್ಲಿ ಭಾರತೀಯ ವೈದ್ಯರೇ ಇಲ್ಲಿಗೆ ಒಪ್ಪುವ ಚಿಕಿತ್ಸಾ ಮಾರ್ಗಸೂಚಿ ತಂದರು. ಮೂಳೆಯನ್ನು ಅಳೆಯುವ ಡೆಕ್ಸಾ ಸ್ಕ್ಯಾನಿಗೆ ಭಾರತೀಯ ಮಕ್ಕಳದೇ ಮಾನದಂಡವನ್ನು ಪುಣೆಯ ಅನುರಾಧಾ ಖಾಡಿಲ್ಕರ್ ಮತ್ತವರ ಸಂಗಡಿಗರು ಸಿದ್ಧಪಡಿಸಿದ್ದಾರೆ.

ಡೆಕ್ಸಾ ಯಂತ್ರ ಇಲ್ಲದ ತಾಲ್ಲೂಕು ಆಸ್ಪತ್ರೆಯಲ್ಲೂ ಆಗುವ ಕೆಲಸ ಬಹಳವಿದೆ. ಏನು ಮಾತ್ರೆ ನುಂಗುತ್ತಿದ್ದೀಯಮ್ಮ ಎಂದು ಬೈಯದೆ ಕೇಳುವುದು, ವಿಟಮಿನ್ ಡಿ ಕೊರತೆ ಗುರುತಿಸಿ ಕೊಡುವುದು, ಶಸ್ತ್ರಚಿಕಿತ್ಸೆ ಆದವರಿಗೆ ಹಾರ್ಮೋನು ನಿಲ್ಲಿಸಬೇಡ ಎನ್ನುವುದು. ಕ್ಯಾಲ್ಸಿಯಂಗೆ ಈ ಬಯಲುಸೀಮೆಯಲ್ಲಿ ರಾಗಿಯೇ ಇದೆ, 100 ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ. ಬಿಸಿಲಿಗೂ ಬರವಿಲ್ಲ. ಆ ಬಿಸಿಲಿನಲ್ಲಿ ಯಾರ ಕಣ್ಣಿಗೂ ಅಂಜದೆ ಓಡಾಡುವ ಧೈರ್ಯವನ್ನು ಮಾತ್ರ ಊರು ಕೊಡಬೇಕು.