ಹೈದರಾಲಿ ಮುಚ್ಚಲಾಗದ ದಾರಿ

1780ರ ಜುಲೈನಲ್ಲಿ ಹೈದರಾಲಿಯ ದಂಡು ಘಟ್ಟ ಇಳಿದು ಆರ್ಕಾಟ್ ಸೀಮೆಗೆ, ಅಂದರೆ ಇವತ್ತಿನ ಉತ್ತರ ತಮಿಳುನಾಡಿಗೆ ನುಗ್ಗಿತು. ಸುಮಾರು 80 ಸಾವಿರ ಜನರ ಸೈನ್ಯ. ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ನೆಲಕಚ್ಚಿತು. ನೆರವಿಗೆ ಬರಬೇಕಿದ್ದ ಹೆಕ್ಟರ್ ಮನ್ರೋ ತನ್ನ ಭಾರದ ಫಿರಂಗಿಗಳನ್ನು ಕಾಂಚೀಪುರದ ಕೆರೆಗೆ ತಳ್ಳಿ ಮದ್ರಾಸಿಗೆ ಓಡಿದ. ನವೆಂಬರ್‌ನಲ್ಲಿ ಆರ್ಕಾಟ್ ಕೂಡ ಹೈದರನ ಕೈಸೇರಿತು.

ಇಷ್ಟೆಲ್ಲ ಗೆದ್ದರೂ ಮದ್ರಾಸ್ ಯಾಕೆ ಸಿಗಲಿಲ್ಲ? ಉತ್ತರ ಸಮುದ್ರದಲ್ಲಿದೆ.

ಅದೇ ನವೆಂಬರ್‌ನಲ್ಲಿ ಜನರಲ್ ಐರ್ ಕೂಟ್ ಕಲ್ಕತ್ತೆಯಿಂದ ಹಡಗಿನಲ್ಲಿ ಮದ್ರಾಸಿಗೆ ಬಂದಿಳಿದ. ಜೊತೆಗೆ ಸೈನಿಕರು, 15 ಲಕ್ಷ ರೂಪಾಯಿ. ಪ್ರಯಾಣಕ್ಕೆ ಹಿಡಿದದ್ದು ಮೂರು ವಾರದಷ್ಟು. ಬಂಗಾಳದಿಂದಲೇ ಕಾಲ್ನಡಿಗೆಯಲ್ಲಿ ಹೊರಟ ಇನ್ನೊಂದು ಪಡೆ ಮದ್ರಾಸ್ ಮುಟ್ಟಲು ಸುಮಾರು ಏಳು ತಿಂಗಳು ತೆಗೆದುಕೊಂಡಿತು. ದಾರಿಯಲ್ಲೇ ವಾಂತಿಭೇದಿಗೆ ಎಷ್ಟೋ ಜನ ಸತ್ತರು. ನೆಲಕ್ಕೂ ನೀರಿಗೂ ಇದ್ದ ವ್ಯತ್ಯಾಸ ಇಷ್ಟು.

ಹೈದರನ ಕುದುರೆ ಸವಾರರು ಮದ್ರಾಸಿನ ಸುತ್ತಲಿನ ಹಳ್ಳಿಗಳನ್ನು ಸುಟ್ಟರು. ಶತ್ರುವಿಗೆ ಕಾಳು, ಮೇವು, ಎತ್ತು ಏನೂ ಸಿಗಬಾರದು ಎಂಬುದು ಲೆಕ್ಕ. ಲೆಕ್ಕವೇನೋ ಸರಿ, ಆದರೆ ಕೂಟನ ಸೈನ್ಯ ಕರಾವಳಿ ಬಿಟ್ಟು ದೂರ ಹೋಗುತ್ತಿರಲಿಲ್ಲ. ಅಕ್ಕಿ ಹಡಗಿನಲ್ಲಿ ಬರುತ್ತಿತ್ತು.

ಹೈದರನಿಗೂ ಹಡಗುಗಳಿದ್ದವು, ಮಂಗಳೂರಿನಲ್ಲಿ. 1780ರ ಡಿಸೆಂಬರ್‌ನಲ್ಲಿ ಎಡ್ವರ್ಡ್ ಹ್ಯೂಸ್‌ನ ನೌಕಾಪಡೆ ಅವನ್ನು ಅಲ್ಲೇ ನಾಶಮಾಡಿತು. ಇನ್ನು ಉಳಿದದ್ದು ಫ್ರೆಂಚರ ನೆರವು. 1781ರ ಫೆಬ್ರವರಿಯಲ್ಲಿ ಅವರ ಹಡಗುಗಳು ಪಾಂಡಿಚೇರಿ ಎದುರಿಗೆ ಬಂದೂ ಬಂದವು. ಆಗ ಕೂಟ್ ಕಡಲೂರಿನ ಬಳಿ ಊಟಕ್ಕಿಲ್ಲದೆ ಸಿಕ್ಕಿಬಿದ್ದಿದ್ದ. ಫ್ರೆಂಚರು ಕೆಲವು ವಾರ ಕಡಲು ಕಾದಿದ್ದರೆ ಸಾಕಿತ್ತು. ಹೈದರ್ ಕೇಳಿಕೊಂಡರೂ ಅವರ ಸೇನಾನಿ ದೋರ್ವ್ ನಿಲ್ಲದೆ ಹಡಗು ತಿರುಗಿಸಿ ಹೋದ. ಕೂಟನಿಗೆ ಅಕ್ಕಿ ಬಂತು. ಜುಲೈ 1ರಂದು ಪೋರ್ಟೊನೊವೊದಲ್ಲಿ ಹೈದರ್ ಸೋತ.

ಮರುವರ್ಷ ಫ್ರೆಂಚರ ಸಮರ್ಥ ನಾವಿಕ ಸುಫ್ರೆನ್ ಬಂದು ಹ್ಯೂಸ್‌ನ ಜೊತೆ ಮತ್ತೆ ಮತ್ತೆ ಕಾದಾಡಿದ. ಆದರೂ ಇಂಗ್ಲಿಷರ ಕಡಲ ದಾರಿ ಪೂರ್ತಿ ಮುಚ್ಚಲಿಲ್ಲ. 1782ರ ಡಿಸೆಂಬರ್‌ನಲ್ಲಿ ಹೈದರ್ ಚಿತ್ತೂರಿನ ಹತ್ತಿರ ಪಾಳೆಯದಲ್ಲೇ ತೀರಿಕೊಂಡ.

ಈ ಕಥೆಯಲ್ಲಿ ಯಾರ ಹೆಸರೂ ಉಳಿಯದ ಒಂದು ಪಕ್ಷವಿದೆ: ಆ ಸೀಮೆಯ ರೈತರು. ಕೋಟೆಯೊಳಗಿನ ಇಂಗ್ಲಿಷರನ್ನು ಉಪವಾಸ ಕೆಡವಲು ಹೊಲಗಳಿಗೆ ಬೆಂಕಿ ಇಟ್ಟರು. ಕೋಟೆಗೆ ಕಡಲಿನ ಬಾಗಿಲಿತ್ತು. ಹಳ್ಳಿಗೆ ಇರಲಿಲ್ಲ.